ಮಸೀದಿಗೊಂದು ಜಗಲಿ ಇರಲಿ

ಕರಾವಳಿಯಲ್ಲಿ ಈಗ ಯಾವ ಜಮಾಅತಿಗೆ ಹೋದರೂ ಒಂದು ರಶೀದಿ ಪುಸ್ತಕ ಕೈಗೆ ಬರುತ್ತದೆ. ಅದರ ಮೇಲೊಂದು ಬಣ್ಣದ ಚಿತ್ರ. ದೊಡ್ಡ ಗುಂಬಜ್, ಎರಡೋ ನಾಲ್ಕೋ ಮಿನಾರ, ಎದುರಿಗೆ ನೀಲಿ ಗಾಜು, ಅಂಗಳ ತುಂಬ ಇಂಟರ್‌ಲಾಕ್. ಕೆಳಗೆ ‘ಮಸೀದಿ ಪುನರ್‌ನಿರ್ಮಾಣಕ್ಕೆ ಸಹಕರಿಸಿ’ ಎಂಬ ಸಾಲು. ಊರಲ್ಲಿ ದುಡಿಯುವವರು, ಗಲ್ಫ್‌ನಲ್ಲಿ ಬೆವರು ಸುರಿಸುವವರು ಎಲ್ಲರೂ ಕೈಲಾದಷ್ಟು ಕೊಡುತ್ತಾರೆ. ಎರಡು ಮೂರು ವರ್ಷದಲ್ಲಿ ಹಂಚಿನ ಹಳೆ ಮಸೀದಿ ನೆಲಸಮವಾಗಿ, ಆ ಜಾಗದಲ್ಲಿ ಚಿತ್ರದ ಮಸೀದಿ ಎದ್ದು ನಿಲ್ಲುತ್ತದೆ.

ಮಸೀದಿ ಕಟ್ಟುವುದು ಪುಣ್ಯದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟವರ ನಿಯ್ಯತ್ತನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ನಾವು ಮದ್ರಸದಲ್ಲಿ ಪಾಠ ಹೇಳುವವರು, ಇಂಜಿನಿಯರ್‌ಗಳಲ್ಲ. ಆದರೆ ಬೆಳಗ್ಗಿನ ಸುಬಹಿಯಿಂದ ರಾತ್ರಿಯ ಇಶಾದವರೆಗೆ ಮಸೀದಿಯ ಕಂಪೌಂಡಿನೊಳಗೇ ಬದುಕುವವರು. ಮಳೆಗಾಲದಲ್ಲಿ ನೀರು ಎಲ್ಲಿ ಒಳಗೆ ಬರುತ್ತದೆ, ಎಪ್ರಿಲ್‌ನಲ್ಲಿ ಯಾವ ಸಫ್ಫಿನಲ್ಲಿ ಕೂರಲಿಕ್ಕೆ ಆಗುವುದಿಲ್ಲ, ಮಕ್ಕಳು ಎಲ್ಲಿ ಕೂತು ಆಡುತ್ತಾರೆ, ಮುದುಕರು ಎಲ್ಲಿ ಚಪ್ಪಲಿ ಬಿಡಲು ಪರದಾಡುತ್ತಾರೆ ಎಂಬುದೆಲ್ಲ ನಮಗೆ ಗೊತ್ತುಂಟು. ಆ ಅನುಭವದಿಂದ ಹೇಳುವುದು ಇಷ್ಟೇ: ನಾವು ಕಟ್ಟುತ್ತಿರುವ ಹೊಸ ಮಸೀದಿಗಳು ನಮ್ಮ ಮಳೆಯ ಮಾತು ಕೇಳುತ್ತಿಲ್ಲ, ನಮ್ಮ ಜನರಿಗೆ ಕೂರಲು ಜಾಗವನ್ನೂ ಕೊಡುತ್ತಿಲ್ಲ.

ಹಳೆ ಮಸೀದಿಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕೆಂಪು ಕಲ್ಲಿನ ದಪ್ಪ ಗೋಡೆ. ಪಕ್ಕಾಸು, ರೀಪುಗಳ ಮೇಲೆ ಹಂಚಿನ ಇಳಿಜಾರು ಮಾಡು. ಮಾಡಿನ ಸೂರು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಗೆ ಬಂದಿರುತ್ತಿತ್ತು. ಸೂರಿನ ಕೆಳಗೆ ಸುತ್ತಲೂ ಜಗಲಿ. ಒಂದು ಬದಿಯಲ್ಲಿ ವುಝೂ ಮಾಡುವ ಹೌಳ್, ಪಕ್ಕದಲ್ಲಿ ಬಾವಿ, ಬಾವಿಯ ಹತ್ತಿರ ಒಂದು ಹಲಸೋ ಮಾವೋ. ಇದನ್ನೆಲ್ಲ ಯಾರೂ ಅಂದಕ್ಕೆಂದು ಮಾಡಿದ್ದಲ್ಲ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಅಷ್ಟು ನೀರನ್ನು ನಿಲ್ಲಗೊಡದೆ ಜಾರಿಸಿಬಿಡಬೇಕು. ಅದಕ್ಕೇ ಇಳಿಜಾರು. ಹಂಚು ಬರುವ ಮೊದಲು ಮುಳಿಹುಲ್ಲು, ಮಡಲು ಹೊದಿಸುವಾಗಲೂ ಮಾಡು ಇಳಿಜಾರೇ ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಜಾಗಕ್ಕೆ ಹಂಚು ಬಂತು. ಮಾಡಿನ ಆಕಾರ ಬದಲಾಗಲಿಲ್ಲ, ಯಾಕೆಂದರೆ ಮಳೆ ಬದಲಾಗಿರಲಿಲ್ಲ.

ಇನ್ನೊಂದು ವಿಷಯ ಉಂಟು. ನಮ್ಮ ಕರಾವಳಿಗೆ ಕಿಬ್ಲಾ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಹಾಗಾಗಿ ಮಿಹ್ರಾಬ್ ಇರುವ ಗೋಡೆ ಕಡಲಿನ ಕಡೆಗೆ ಮುಖ ಮಾಡಿರುತ್ತದೆ, ಬಾಗಿಲು ಪೂರ್ವಕ್ಕೆ. ಮಳೆಗಾಲದ ಗಾಳಿ ಬರುವುದೂ ಕಡಲಿನಿಂದಲೇ, ಮಧ್ಯಾಹ್ನದ ನಂತರದ ಸುಡುಬಿಸಿಲು ಬೀಳುವುದೂ ಪಶ್ಚಿಮದಿಂದಲೇ. ಅಂದರೆ ಗಾಳಿ, ಮಳೆ, ಬಿಸಿಲು ಮೂರನ್ನೂ ಮಿಹ್ರಾಬಿನ ಗೋಡೆ ತಡೆದುಕೊಂಡು, ಪೂರ್ವದ ಜಗಲಿಯನ್ನು ಒಣಗಿಸಿ ತಂಪಾಗಿಟ್ಟು ಕೊಡುತ್ತದೆ. ಹಳೆ ಆಚಾರಿಗಳಿಗೆ, ಮೇಸ್ತ್ರಿಗಳಿಗೆ ಇದು ಗೊತ್ತಿತ್ತು. ಅದಕ್ಕೇ ಪೂರ್ವದ ಜಗಲಿಯನ್ನು ಅಗಲ ಮಾಡಿದರು. ಜನ ಕೂರುವುದು ಅಲ್ಲೇ ಎಂದು ಅವರಿಗೆ ಗೊತ್ತಿತ್ತು.

ಈಗ ಹೊಸದರ ಕಥೆ ನೋಡಿ. ಸಮತಟ್ಟಾದ ಸ್ಲ್ಯಾಬ್ ಹಾಕುತ್ತೇವೆ. ಮೂರನೆಯ ಮಳೆಗಾಲಕ್ಕೆ ಅದು ಒಸರಲು ಶುರುವಾಗುತ್ತದೆ. ಸೋರುವುದನ್ನು ತಡೆಯಲು ಕೆಮಿಕಲ್ ಬಳಿಯುತ್ತೇವೆ. ಅದೂ ಎರಡು ವರ್ಷ. ಕೊನೆಗೆ ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹಾಕುತ್ತೇವೆ. ಶೀಟು ಇಳಿಜಾರಾಗಿಯೇ ಇರುತ್ತದೆ. ಅಂದರೆ ಲಕ್ಷಗಟ್ಟಲೆ ಖರ್ಚು ಮಾಡಿದ ನಂತರ ನಾವು ಪುನಃ ಹಿರಿಯರ ಮಾಡಿಗೇ ಬಂದು ಮುಟ್ಟುತ್ತೇವೆ, ಅದೂ ಬಹಳ ಕುರೂಪವಾಗಿ. ಗುಂಬಜಿನ ಅರ್ಧ ಭಾಗ ಶೀಟಿನಡಿಗೆ ಸೇರಿರುವ ಮಸೀದಿಗಳು ರಸ್ತೆ ಬದಿಯಲ್ಲಿ ಬೇಕಾದಷ್ಟು ಕಾಣಸಿಗುತ್ತವೆ. ಎದುರಿನ ಗಾಜು ಗಾಳಿಯನ್ನು ಒಳಗೆ ಬಿಡುವುದಿಲ್ಲ, ಸೆಖೆಯನ್ನು ಹೊರಗೆ ಬಿಡುವುದಿಲ್ಲ. ಹಗಲು ಹೊತ್ತಿನಲ್ಲೂ ಲೈಟು ಹಾಕಬೇಕು, ಇಪ್ಪತ್ತು ಫ್ಯಾನು ತಿರುಗಬೇಕು. ಆಮೇಲೆ ಕರೆಂಟು ಬಿಲ್ಲಿಗೆಂದು ಜುಮಾದ ದಿನ ಬೇರೆ ಬಕೆಟ್ ಹಿಡಿಯಬೇಕು.

ಇದು ಖರ್ಚಿನ ಮಾತಾಯಿತು. ಅದಕ್ಕಿಂತ ದೊಡ್ಡ ನಷ್ಟ ಜಗಲಿಯದ್ದು. ಹೊಸ ನಕ್ಷೆಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ‘ಸುಮ್ಮನೆ ಜಾಗ ವೇಸ್ಟ್ ಯಾಕೆ, ಇನ್ನೆರಡು ಸಫ್ ಸಿಗುತ್ತದಲ್ಲ’ ಎನ್ನುತ್ತಾರೆ. ಜಗಲಿ ವೇಸ್ಟ್ ಆಗಿತ್ತಾ? ಅಸರ್ ಮುಗಿಸಿ ಮಗ್ರಿಬ್‌ವರೆಗೆ ಅಲ್ಲಿ ಕೂರುತ್ತಿದ್ದ ಹಿರಿಯರು ಊರಿನ ಅರ್ಧ ಜಗಳಗಳನ್ನು ಅಲ್ಲೇ ಮುಗಿಸುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳ ನಿಕಾಹ್‌ಗೆ ಹಣ ಸಾಲದಾಗಿದೆ ಎಂಬುದು ಅಲ್ಲೇ ತಿಳಿಯುತ್ತಿತ್ತು. ದಾರಿಹೋಕ ಕೈಕಾಲು ತೊಳೆದು ಅರ್ಧ ಗಂಟೆ ಒರಗುತ್ತಿದ್ದ. ಮಳೆ ಜೋರಾದರೆ ರಸ್ತೆಯಲ್ಲಿ ಹೋಗುವವರು, ಯಾವ ಜಾತಿಯವರೇ ಆಗಲಿ, ಓಡಿ ಬಂದು ಸೂರಿನಡಿ ನಿಲ್ಲುತ್ತಿದ್ದರು. ಬೇಸಗೆಯಲ್ಲಿ ಪಕ್ಕದ ಮನೆಯವರು ಮಸೀದಿ ಬಾವಿಯಿಂದ ಕೊಡಪಾನ ತುಂಬಿಸಿ ಕೊಂಡುಹೋಗುತ್ತಿದ್ದರು. ನಮಾಝಿಗೆ ಬಾರದ ಹುಡುಗನೂ ಜಗಲಿಯ ತನಕ ಬರುತ್ತಿದ್ದ. ಜಗಲಿಗೆ ಬಂದವನು ಇವತ್ತಲ್ಲ ನಾಳೆ ಒಳಗೆ ಬಂದೇ ಬರುತ್ತಿದ್ದ. ಈಗ ಗಾಜಿನ ಬಾಗಿಲು. ಒಳಗೆ ಬರುವವನು ಬರಬೇಕು, ಇಲ್ಲದವನು ರಸ್ತೆಯಲ್ಲಿರಬೇಕು. ಒಳಗೂ ಅಲ್ಲದ ಹೊರಗೂ ಅಲ್ಲದ ಆ ನಡುವಿನ ಜಾಗವೇ ಇಲ್ಲವಾಗಿದೆ. ಸಲಾಂ ಹೇಳಿ ಎದ್ದ ಕೂಡಲೇ ಬೈಕ್ ಸ್ಟಾರ್ಟ್ ಆಗುತ್ತದೆ.

ಹೀಗೆ ಹೇಳಿದರೆ ಕೆಲವರು ಕೇಳುವುದುಂಟು: ‘ಉಸ್ತಾದರೇ, ಗುಂಬಜ್, ಮಿನಾರ ಇದ್ದರೆ ಅಲ್ವಾ ಮಸೀದಿ ಎಂದು ಕಾಣುವುದು? ಇಸ್ಲಾಮೀ ಶೈಲಿ ಬೇಡವಾ?’ ಇದಕ್ಕೆ ಉತ್ತರ ಮದೀನಾದಲ್ಲೇ ಉಂಟು. ಪ್ರವಾದಿ (ಸ.ಅ.) ಕಟ್ಟಿಸಿದ ಮಸೀದಿಯ ಗೋಡೆ ಹಸಿ ಇಟ್ಟಿಗೆಯದ್ದು, ಕಂಬಗಳು ಖರ್ಜೂರದ ಕಾಂಡ, ಮಾಡು ಖರ್ಜೂರದ ಗರಿ. ಅಂದರೆ ಆ ಮಣ್ಣಿನಲ್ಲಿ ಸಿಗುವುದೇ ಎಲ್ಲ. ಮಿನಾರ ಇರಲಿಲ್ಲ, ಬಿಲಾಲ್ (ರ.ಅ.) ಪಕ್ಕದ ಮನೆಯ ಮಾಡಿನ ಮೇಲೆ ನಿಂತು ಬಾಂಗ್ ಕೊಡುತ್ತಿದ್ದರು. ಅಲ್ಲಿ ಮಿನಾರಗಳು ಬಂದದ್ದು ಖಲೀಫಾ ವಲೀದರ ಕಾಲದಲ್ಲಿ, ಹೆಚ್ಚುಕಡಿಮೆ ಒಂದು ಶತಮಾನದ ಹತ್ತಿರ ಕಳೆದ ಮೇಲೆ. ನಾವು ಫೋಟೋದಲ್ಲಿ ನೋಡಿ ಕಣ್ಣಿಗೊತ್ತಿಕೊಳ್ಳುವ ಗುಂಬಜ್ ಮೊದಲು ಕಟ್ಟಿದ್ದು 1279ರಲ್ಲಿ, ಅದಕ್ಕೆ ಹಸಿರು ಬಣ್ಣ ಬಂದದ್ದು 1837ರಲ್ಲಿ. ಹಾಗೆಂದು ಬದಲಾವಣೆಯೇ ತಪ್ಪು ಎಂದು ನಾವು ಹೇಳುವುದಿಲ್ಲ. ಜನ ಹೆಚ್ಚಾದಾಗ ಉಮರ್ (ರ.ಅ.) ಮಸೀದಿಯನ್ನು ಅಗಲ ಮಾಡಿದರು. ಉಸ್ಮಾನ್ (ರ.ಅ.) ಕೆತ್ತಿದ ಕಲ್ಲಿನಿಂದ ಕಟ್ಟಿಸಿ, ಮಾಡಿಗೆ ಸಾಜ್ ಮರ ಹಾಕಿಸಿದರು. ಸಾಜ್ ಅಂದರೆ ನಮ್ಮ ಸಾಗುವಾನಿ. ಅಗತ್ಯಕ್ಕೆ ತಕ್ಕಂತೆ ಕಟ್ಟುವುದು ಸುನ್ನತ್ತಿಗೆ ವಿರುದ್ಧವಲ್ಲ. ಆದರೆ ಇಂಥದ್ದೇ ಆಕಾರ ಇದ್ದರೆ ಮಾತ್ರ ಮಸೀದಿ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಆ ಮಸೀದಿಯಲ್ಲಿ ಏನೆಲ್ಲ ನಡೆಯುತ್ತಿತ್ತು ಎಂದು ಮದ್ರಸದ ಮಕ್ಕಳಿಗೂ ಗೊತ್ತು. ಮನೆಮಠ ಇಲ್ಲದ ಸಹಾಬಿಗಳಿಗೆ ನೆರಳಿನ ಜಗಲಿಯೊಂದಿತ್ತು, ಅದೇ ಸುಫ್ಫ. ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ.ಅ.) ಅವರಿಗೆ ಮಸೀದಿಯಲ್ಲೇ ಡೇರೆ ಹಾಕಿ ಆರೈಕೆ ಮಾಡಲಾಯಿತು. ಪೆರ್ನಾಲಿನ ದಿನ ಹಬ್ಶಾದವರು ಅಲ್ಲಿ ಈಟಿಯ ಆಟ ಆಡಿದರು, ಆಯಿಶಾ (ರ.ಅ.) ಅದನ್ನು ನೋಡಿದರು. ಉಮರ್ (ರ.ಅ.) ಮಾಡಿದ್ದನ್ನಂತೂ ನಮ್ಮ ಕಟ್ಟಡ ಸಮಿತಿಗಳು ಗೋಡೆಯಲ್ಲಿ ಬರೆದಿಡಬೇಕು. ಮಸೀದಿಯ ಬದಿಯಲ್ಲೇ ಅವರು ಒಂದು ತೆರೆದ ಜಾಗ ಮಾಡಿಸಿದರು. ಅದಕ್ಕೆ ಬುತೈಹಾ ಎಂದು ಹೆಸರು. ಮಾತಾಡುವವರು, ಕವಿತೆ ಹೇಳುವವರು, ದೊಡ್ಡ ಸ್ವರ ತೆಗೆಯುವವರು ಅಲ್ಲಿಗೆ ಹೋಗಲಿ ಎಂದರು. ಇಮಾಂ ಮಾಲಿಕರ ಮುವತ್ತಾದಲ್ಲಿ ಈ ವರದಿ ಉಂಟು. ನಮ್ಮಲ್ಲಾದರೆ ‘ಮಸೀದಿಯಲ್ಲಿ ಮಾತನಾಡಬಾರದು’ ಎಂದು ಬೋರ್ಡು ಹಾಕಿ ಸುಮ್ಮನಾಗುತ್ತೇವೆ. ಉಮರ್ (ರ.ಅ.) ಮಸೀದಿಯ ಮೌನವನ್ನೂ ಕಾಪಾಡಿದರು, ಮಾತಾಡುವವನಿಗೂ ಜಾಗ ಮಾಡಿಕೊಟ್ಟರು. ನಮ್ಮ ಹಿರಿಯರ ಜಗಲಿಯೂ ಇದೇ ಕೆಲಸ ಮಾಡುತ್ತಿತ್ತು.

ಇಸ್ಲಾಂ ಹೋದ ಕಡೆಯಲ್ಲೆಲ್ಲ ಮಸೀದಿ ಆಯಾ ಊರಿನ ಬಟ್ಟೆ ತೊಟ್ಟಿದೆ. ಚೀನಾದ ಶಿಯಾನ್ ನಗರದ ದೊಡ್ಡ ಮಸೀದಿ ಮರದ್ದು. ಚೀನೀ ಮಾಡು, ಒಂದರ ಹಿಂದೆ ಒಂದು ಅಂಗಳ. ಆಫ್ರಿಕಾದ ಮಾಲಿ ದೇಶದ ಜೆನ್ನೆ ಎಂಬಲ್ಲಿ 1907ರಲ್ಲಿ ಕಟ್ಟಿದ ಮಸೀದಿ ಪೂರ್ತಿ ಮಣ್ಣಿನದು. ಪ್ರತಿ ವರ್ಷ ಇಡೀ ಊರು ಸೇರಿ ಅದಕ್ಕೆ ಹೊಸದಾಗಿ ಮಣ್ಣು ಮೆತ್ತುತ್ತದೆ, ಅದೇ ಒಂದು ಹಬ್ಬ. ನಮ್ಮ ಕರಾವಳಿಗೆ ಅರಬರು ಕಡಲ ದಾರಿಯಲ್ಲಿ ಬಂದರು. ಬಂದವರು ಅರಬಿ ಕಟ್ಟಡವನ್ನು ಹಡಗಿನಲ್ಲಿ ತರಲಿಲ್ಲ. ಇಲ್ಲಿನ ಆಚಾರಿಯನ್ನು ಕರೆದರು, ಇಲ್ಲಿನ ಮರ, ಇಲ್ಲಿನ ಕಲ್ಲು ಬಳಸಿದರು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿರುವ ಕೆತ್ತನೆಯ ಮರದ ಕಂಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಲ್ಲಿಕೋಟೆಗೆ ಹೋಗುವವರು ಕುಟ್ಟಿಚ್ಚಿರಕ್ಕೆ ಒಮ್ಮೆ ಹೋಗಿ ಬರಬೇಕು. ಅಲ್ಲಿನ ಮಿಶ್ಕಾಲ್ ಪಳ್ಳಿಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಹಡಗು ವ್ಯಾಪಾರಿ ನಾಖುದಾ ಮಿಶ್ಕಾಲ್ ಕಟ್ಟಿಸಿದರು. 1510ರಲ್ಲಿ ಪೋರ್ಚುಗೀಸರು ಬೆಂಕಿ ಇಟ್ಟರು. ಊರಿನವರು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಈಗಲೂ ನಾಲ್ಕು ಅಂತಸ್ತು, ಮೇಲೆ ಹೋದ ಹಾಗೆ ಕಿರಿದಾಗುವ ಹಂಚಿನ ಮಾಡುಗಳು. ಗುಂಬಜ್ ಇಲ್ಲ, ಮಿನಾರ ಇಲ್ಲ. 47 ಬಾಗಿಲು, ಕೆಳಗಿನ ಅಂತಸ್ತಿನಲ್ಲಿ 24 ಕೆತ್ತನೆಯ ಕಂಬ. ಅಷ್ಟು ಬಾಗಿಲು ಇದ್ದರೆ ಗಾಳಿಗೆ ಫ್ಯಾನು ಯಾಕೆ? ಹತ್ತಿರದಲ್ಲೇ ದೊಡ್ಡ ಕೆರೆ. ಸಂಜೆಯಾದರೆ ಕೆರೆಯ ಸುತ್ತ ಜನ ಬಂದು ಕೂರುತ್ತಾರೆ. ಮುದುಕರ ಪಟ್ಟಾಂಗ, ಮಕ್ಕಳ ಗಲಾಟೆ, ಬಾಂಗ್ ಆದಾಗ ಎದ್ದು ನಡೆದರೆ ಪಳ್ಳಿ. ಮಸೀದಿ, ಕೆರೆ, ಮನೆ, ಬೀದಿ ನಾಲ್ಕೂ ಸೇರಿ ಅಲ್ಲೊಂದು ಊರಾಗಿದೆ. ಅದೇ ಕುಟ್ಟಿಚ್ಚಿರದ ಮುಚ್ಚುಂದಿ ಪಳ್ಳಿಯಲ್ಲಿ ಹದಿಮೂರನೆಯ ಶತಮಾನದ ಒಂದು ಶಾಸನ ಉಂಟು. ಒಂದೇ ಕಲ್ಲಿನಲ್ಲಿ ಅರಬಿ ಲಿಪಿ, ವಟ್ಟೆಳುತ್ತು ಲಿಪಿ ಎರಡೂ. ಪಳ್ಳಿಯ ಖರ್ಚಿಗೆ ಸಾಮೂದಿರಿ ರಾಜ ದತ್ತಿ ಬಿಟ್ಟದ್ದು ಅದರಲ್ಲಿದೆ. ಊರಿನ ಹಾಗೆ ಕಾಣುವ ಪಳ್ಳಿಯನ್ನು ಊರು ತನ್ನದೆಂದು ನೋಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇದೆಲ್ಲ ಹಳೆ ಕಾಲದ ಮಾತು, ಈಗ ಮರ ಎಲ್ಲಿದೆ, ಆಚಾರಿ ಎಲ್ಲಿದ್ದಾರೆ ಎನ್ನುವವರಿಗೆ ಢಾಕಾದ ಒಂದು ಮಸೀದಿಯ ಬಗ್ಗೆ ಹೇಳುತ್ತೇವೆ. ಬೈತುರ್ರವೂಫ್ ಅದರ ಹೆಸರು. ಕಟ್ಟಿ ಮುಗಿದದ್ದು 2012ರಲ್ಲಿ. ನಕ್ಷೆ ಮಾಡಿದ್ದು ಮರೀನಾ ತಬಸ್ಸುಂ ಎಂಬ ವಾಸ್ತುಶಿಲ್ಪಿ. ಜಾಗ ಕೊಟ್ಟದ್ದು ಅವರ ಅಜ್ಜಿ, ಹಣ ಬಂದದ್ದು ಹೆಚ್ಚಾಗಿ ಊರವರ ಚಂದಾದಿಂದ. ನಮ್ಮ ಜಮಾಅತುಗಳ ಹಾಗೆಯೇ. 75 ಅಡಿ ಚೌಕದ ಇಟ್ಟಿಗೆಯ ಕಟ್ಟಡ ಅದು. ಅಲ್ಲೂ ಗುಂಬಜ್ ಇಲ್ಲ, ಮಿನಾರ ಇಲ್ಲ. ನೆರೆ ಬರುವ ಊರಾದ್ದರಿಂದ ಕಟ್ಟಡವನ್ನು ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿದರು. ಆ ಕಟ್ಟೆಯೇ ಊರಿನ ಜಗಲಿಯಾಯಿತು. ಮಕ್ಕಳು ಅಲ್ಲಿ ಆಡುತ್ತಾರೆ, ಹಿರಿಯರು ಕೂತು ಮಾತಾಡುತ್ತಾರೆ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಗಾಳಿಗೆ ದಾರಿ ಮಾಡಿದ್ದಾರೆ. ನಾಲ್ಕು ಬದಿಯಲ್ಲಿ ಆಕಾಶಕ್ಕೆ ತೆರೆದ ಅಂಗಳ, ಮಾಡಿನಲ್ಲಿ ಸಣ್ಣ ಸಣ್ಣ ದುಂಡು ಕಿಂಡಿ, ಅದರಿಂದ ಬೆಳಕು ನಕ್ಷತ್ರದ ಹಾಗೆ ನೆಲಕ್ಕೆ ಬೀಳುತ್ತದೆ. ಕಿಬ್ಲಾದ ಗೋಡೆಯಲ್ಲಿ ಒಂದು ಉದ್ದನೆಯ ಸೀಳು, ಅಲ್ಲಿಂದ ಬರುವ ಬೆಳಕೇ ದಿಕ್ಕು ತೋರಿಸುತ್ತದೆ. 2016ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಪ್ರಶಸ್ತಿ ಬಂತೆಂದು ನಾವು ಇದನ್ನು ಹೇಳುತ್ತಿಲ್ಲ. ಕಾಂಕ್ರೀಟ್, ಇಟ್ಟಿಗೆ ಬಳಸಿಯೂ ಊರಿನ ನೀರು, ಗಾಳಿ, ಜನ ಮೂವರ ಮಾತನ್ನೂ ಕೇಳಲು ಸಾಧ್ಯವಿದೆ ಎಂಬುದಕ್ಕಾಗಿ ಹೇಳುತ್ತಿದ್ದೇವೆ.

ಜಮಾಅತಿನ ಕಷ್ಟಗಳು ನಮಗೆ ಗೊತ್ತಿಲ್ಲದ್ದಲ್ಲ. ಹಳೆ ಮಸೀದಿ ನೂರು ಜನರಿಗೆ ಕಟ್ಟಿದ್ದು, ಈಗ ಜುಮಾಕ್ಕೆ ಐನೂರು ಜನ. ರಸ್ತೆಯಲ್ಲಿ ನಿಂತು ನಮಾಝ್ ಮಾಡುವ ಪರಿಸ್ಥಿತಿ ಬಂದರೆ ಅದೂ ಒಳ್ಳೆಯದಲ್ಲ. ಗೆದ್ದಲು ಹಿಡಿದ ಪಕ್ಕಾಸು ಬದಲಾಯಿಸಲು ಜನ ಸಿಗುವುದಿಲ್ಲ, ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು. ಎಲ್ಲವೂ ನಿಜ. ಆದರೆ ದೊಡ್ಡದು ಮಾಡಬೇಕಾದರೆ ಹಳತನ್ನು ಕೆಡವಲೇಬೇಕು ಎಂಬುದು ನಿಜವಲ್ಲ. ಕೊಡುಂಗಲ್ಲೂರಿನ ಚೇರಮಾನ್ ಜುಮಾ ಮಸೀದಿಯವರು ನಮ್ಮ ಹಾಗೆಯೇ ಹಳತಿನ ಸುತ್ತ ಕಾಂಕ್ರೀಟ್ ಕಟ್ಟಿ, ಗುಂಬಜ್, ಮಿನಾರ ಹಾಕಿದ್ದರು. ಕೆಲವು ವರ್ಷಗಳ ಹಿಂದೆ ಮುಸಿರಿಸ್ ಪಾರಂಪರಿಕ ಯೋಜನೆಯಲ್ಲಿ ಅದನ್ನೆಲ್ಲ ತೆಗೆದು ಹಂಚಿನ ಹಳೆ ರೂಪವನ್ನು ವಾಪಸ್ ತಂದರು. ಹೆಚ್ಚಿನ ಜನರಿಗೆ ನೆಲದಡಿಯಲ್ಲಿ ಜಾಗ ಮಾಡಿದರು. ಕಟ್ಟಿದ್ದನ್ನು ಕಿತ್ತು ಹಿಂದಕ್ಕೆ ಹೋಗಲು ಎರಡು ಸಲ ಖರ್ಚು. ನಮ್ಮಲ್ಲಿ ಇನ್ನೂ ಕೆಡವದ ಮಸೀದಿಗಳಿವೆ. ಒಂದೇ ಖರ್ಚಿನಲ್ಲಿ ಮುಗಿಸುವ ಅವಕಾಶ ಅವರಿಗಿದೆ.

ಇದರಲ್ಲಿ ನಮ್ಮ ನೆರೆಕರೆಯ ವಿಷಯವೂ ಅಡಗಿದೆ. ನಮ್ಮ ಜಿಲ್ಲೆಯಲ್ಲಿ ಒಬ್ಬರನ್ನು ಕಂಡರೆ ಒಬ್ಬರು ಅನುಮಾನ ಪಡುವ ಕಾಲ ಬಂದಿದೆ. ಇಂಥ ಹೊತ್ತಿನಲ್ಲಿ ಆರಡಿ ಕಂಪೌಂಡ್, ಕಬ್ಬಿಣದ ಗೇಟು, ಕಪ್ಪು ಗಾಜು ಇಟ್ಟುಕೊಂಡರೆ ಒಳಗೆ ಏನು ನಡೆಯುತ್ತದೆ ಎಂದು ಪಕ್ಕದ ಮನೆಯವನಿಗೆ ಹೇಗೆ ತಿಳಿಯಬೇಕು? ವರ್ಷಕ್ಕೊಮ್ಮೆ ‘ಮಸೀದಿ ನೋಡಬನ್ನಿ’ ಎಂದು ಕರೆದು ತಿಂಡಿ ಕೊಡುವುದು ಒಳ್ಳೆಯದೇ. ಆದರೆ ರಸ್ತೆಗೆ ತೆರೆದ ಒಂದು ಜಗಲಿ, ಒಂದು ಕುಡಿಯುವ ನೀರಿನ ನಳ್ಳಿ, ಒಂದು ಮರದ ನೆರಳು ವರ್ಷವಿಡೀ ಆ ಕೆಲಸ ಮಾಡುತ್ತದೆ. ಮೊದಲು ಮಳೆಗೆ ಸೂರಿನಡಿ ಬಂದು ನಿಂತವರಿಗೆ ಮಸೀದಿಯ ಬಗ್ಗೆ ಭಾಷಣ ಬೇಕಿರಲಿಲ್ಲ.

ನಮ್ಮ ಮನೆಯ ಹೆಂಗಸರ ಮಾತೂ ಹಾಗೆಯೇ. ಅವರು ನಮಾಝಿಗೆ ಮಸೀದಿಗೆ ಬರುವ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನ ನಿಲುವುಗಳಿವೆ, ಇಲ್ಲಿ ಅದನ್ನು ಎತ್ತುವುದಿಲ್ಲ. ಆದರೆ ಜುಲೈ ತಿಂಗಳ ಬೆಳಗ್ಗೆ ಸಣ್ಣ ಮಗುವನ್ನು ಮದ್ರಸಕ್ಕೆ ಕರಕೊಂಡು ಬಂದ ಉಮ್ಮ ಎಲ್ಲಿ ನಿಲ್ಲಬೇಕು? ದೂರದ ಊರಿಗೆ ಹೋಗುವಾಗ ದಾರಿಯಲ್ಲಿ ವುಝೂ ಮಾಡಿ ನಮಾಝ್ ಮಾಡಬೇಕಾದ ಸಹೋದರಿ ಎಲ್ಲಿಗೆ ಹೋಗಬೇಕು? ಕೋಟಿ ರೂಪಾಯಿಯ ನಕ್ಷೆಯಲ್ಲಿ ಅವರಿಗೆ ಒಂದು ಕೊಡೆ ಬಿಡಿಸುವಷ್ಟು ಜಾಗ ಇಲ್ಲದಿದ್ದರೆ, ಆ ನಕ್ಷೆ ಯಾರನ್ನು ಕೇಳಿ ಮಾಡಿದ್ದು?

ಹಾಗಾಗಿ ಮುಂದಿನ ಮಹಾಸಭೆಯಲ್ಲಿ ಪುನರ್‌ನಿರ್ಮಾಣದ ವಿಷಯ ಬಂದರೆ ಜಮಾಅತಿನವರು ಕೆಲವು ಪ್ರಶ್ನೆ ಕೇಳಬೇಕು ಎಂಬುದು ನಮ್ಮ ವಿನಂತಿ. ಗುಂಬಜ್ ಎಷ್ಟು ಅಡಿ ಎಂದು ಕೇಳುವ ಮೊದಲು ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅದು ಬಾವಿಯ ಬದಿಯಲ್ಲಿ ಇಂಗುವ ಹಾಗೆ ಮಾಡಲಿ. ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಭೂಮಿಯ ಬಾಯಿ ಮುಚ್ಚುವುದು ಬೇಡ. ಕರೆಂಟು ಹೋದರೆ ಮಧ್ಯಾಹ್ನ ಲುಹರ್ ನಮಾಝಿಗೆ ಒಳಗೆ ನಿಲ್ಲಲು ಆಗುತ್ತದಾ ಎಂದು ಇಂಜಿನಿಯರರನ್ನು ಕೇಳಿ. ಪೂರ್ವಕ್ಕೆ ಅಗಲದ ಜಗಲಿ ಇದೆಯಾ, ಗಾಲಿಕುರ್ಚಿ ಬರುವ ದಾರಿ ಇದೆಯಾ, ಮರ ಉಳಿಯುತ್ತದಾ, ಹಳೆ ಮರದ ಕಂಬ, ಕೆತ್ತನೆಯ ಮಿಂಬರ್ ಗುಜರಿಗೆ ಹೋಗುತ್ತದಾ ಅಥವಾ ಹೊಸದರಲ್ಲಿ ಕೂತುಕೊಳ್ಳುತ್ತದಾ ಎಂದು ಕೇಳಿ. ನಕ್ಷೆ ಒಪ್ಪುವ ಮೊದಲು ಮುಕ್ರಿಯವರನ್ನು, ಮದ್ರಸದ ಮಕ್ಕಳನ್ನು, ದಿನವೂ ಬರುವ ನಾಲ್ಕು ಹಿರಿಯರನ್ನು ಕರೆದು ತೋರಿಸಿ. ಕಟ್ಟಡವನ್ನು ದಿನಾ ಬಳಸುವವರು ಅವರು.

ಗಲ್ಫ್‌ನಲ್ಲಿರುವ ಸಹೋದರರಿಗೂ ಒಂದು ಮಾತು. ನೀವು ಅಲ್ಲಿ ನೋಡುವ ಮಸೀದಿಗಳು ಆ ಮರುಭೂಮಿಗೆ ಕಟ್ಟಿದ್ದು. ಅಲ್ಲಿ ವರ್ಷಪೂರ್ತಿ ಬೀಳುವ ಮಳೆ ಇಲ್ಲಿ ಜೂನ್ ತಿಂಗಳ ಒಂದೆರಡು ದಿನದಲ್ಲಿ ಬೀಳುತ್ತದೆ. ಹಣ ಕಳಿಸುವಾಗ ‘ಅಲ್ಲಿನ ಹಾಗೆ ಕಟ್ಟಿಸಿ’ ಎನ್ನುವ ಬದಲು ‘ನಮ್ಮ ಊರಿಗೆ ಸರಿಯಾಗುವ ಹಾಗೆ ಕಟ್ಟಿಸಿ’ ಎಂದು ಒಂದು ಸಾಲು ಬರೆದು ಕಳಿಸಿ. ಸಮಿತಿಯವರು ನಿಮ್ಮ ಮಾತನ್ನು ನಮ್ಮ ಮಾತಿಗಿಂತ ಹೆಚ್ಚು ಕೇಳುತ್ತಾರೆ. ಜನರು ಬಂದು ಕೂರುವ, ನೆರೆಯವರು ನೆರಳಿಗೆ ನಿಲ್ಲುವ, ಮಳೆಗೆ ಸೋರದ ಮಸೀದಿಗಳನ್ನು ಕಟ್ಟಲು ಅಲ್ಲಾಹು ನಮಗೆಲ್ಲ ತೌಫೀಕ್ ನೀಡಲಿ.